ಎರಡು ಹೆಸರಿನ ಊರಿಗೆ ಮೂರನೆಯದು ಕೊಟ್ಟ ರೇಡಿಯೊ ನಿರೂಪಕ

ಉತ್ತರ ಐರ್ಲೆಂಡಿನ ಗಡಿಯಂಚಿನ ಒಂದು ನಗರಕ್ಕೆ ಎರಡು ಹೆಸರು. ಐರ್ಲೆಂಡ್ ಒಂದಾಗಬೇಕೆನ್ನುವವರಿಗೆ ಅದು ಡೆರಿ, ಬ್ರಿಟನ್ ಜತೆಗೇ ಇರಬೇಕೆನ್ನುವವರಿಗೆ ಲಂಡನ್‌ಡೆರಿ. ಊರ ಹೆಸರು ಹೇಳಿದರೆ ಸಾಕು, ಯಾವ ಕಡೆಯವರೆಂದು ಗೊತ್ತಾಗಿಬಿಡುತ್ತದೆ. ಗಡಿನಾಡಿನವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ತಂಟೆ ಬೇಡವೆಂದು ಎರಡನ್ನೂ ಬರೆದು ನಡುವೆ ಓರೆಗೆರೆ ಎಳೆಯುವುದೂ ಉಂಟು. ಇಂಗ್ಲಿಷಿನಲ್ಲಿ ಆ ಗೆರೆಗೆ 'ಸ್ಟ್ರೋಕ್' ಎನ್ನುತ್ತಾರೆ.

ವಾದ್ಯತಂಡಗಳಲ್ಲಿ ಗಿಟಾರ್ ನುಡಿಸುತ್ತಿದ್ದ ಅದೇ ಊರಿನ ಗೆರ್ರಿ ಆಂಡರ್ಸನ್ 1985ರಲ್ಲಿ ಬಿಬಿಸಿಯ ಸ್ಥಳೀಯ ಕೇಂದ್ರ ರೇಡಿಯೊ ಫಾಯ್ಲ್ ಸೇರಿದರು. ಬಾಂಬು, ಬಂದೂಕಿನ ಆ ದಿನಗಳಲ್ಲಿ ಅವರು ಊರನ್ನು 'ಸ್ಟ್ರೋಕ್ ಸಿಟಿ' ಎಂದು ಕರೆದರು. ತಮಾಷೆಯ ಆ ಹೆಸರು ಜನರ ಬಾಯಲ್ಲಿ ನಿಂತಿತು.

1994ರಲ್ಲಿ ಇಡೀ ಬ್ರಿಟನ್ ಕೇಳುವ ರೇಡಿಯೊ 4 ಅವರಿಗೆ ಕಾರ್ಯಕ್ರಮ ಕೊಟ್ಟಿತು. ಅಲ್ಲಿನ ಕೇಳುಗರಿಗೆ ಅದು ಹಿಡಿಸಲಿಲ್ಲ. ಒಂದೇ ವರ್ಷಕ್ಕೆ ನಿಂತಿತು. ಆಂಡರ್ಸನ್ ತಮ್ಮ ಊರಿನ ಕೇಳುಗರ ಬಳಿಗೇ ಮರಳಿದರು. 2014ರಲ್ಲಿ ತೀರಿಕೊಂಡರು.