ಪಾಕದ ಹದ, ಅರಿವಿನ ಹದ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ದಸರೆ ದಾಟಿತೆಂದರೆ ಈ ಐದೂ ತಾಲ್ಲೂಕುಗಳಲ್ಲಿ ಕಬ್ಬು ಕಡಿಯುವ ಸುಗ್ಗಿ. ಬಹುಪಾಲು ಕಬ್ಬು ಸಕ್ಕರೆ ಕಾರ್ಖಾನೆಗೆ ಹೋಗುತ್ತದೆ, ಒಂದಿಷ್ಟು ಬೆಲ್ಲದ ಗಾಣಕ್ಕೆ. ಅರಿವು ಎಂದರೇನು ಎಂಬ ಪ್ರಶ್ನೆ ಹೊತ್ತವರು ಅಂಥ ಒಂದು ಗಾಣದ ಎದುರು ತಾಸು ಹೊತ್ತು ನಿಂತರೆ ಸಾಕು, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕಡಾಯಿಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಬೆಂಡೆಗಿಡ ಜಜ್ಜಿ ತೆಗೆದ ಲೋಳೆಯನ್ನು ಅದಕ್ಕೆ ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೇಳುತ್ತದೆ. ನೊರೆ ತೆಗೆದಂತೆಲ್ಲ ರಸ ತಿಳಿಯಾಗುತ್ತದೆ. ಪಾಕ ಗಟ್ಟಿಯಾಗುವ ಹೊತ್ತಿಗೆ ಬೆಲ್ಲ ಮಾಡುವ ಹಿರಿಯ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಿನಿಂದ ಉರುಟಿ ನೋಡುತ್ತಾನೆ. ಉಂಡೆ ನಿಂತರೆ, “ಹದಕ್ಕ ಬಂತು, ಇಳಸ್ರಿ” ಎನ್ನುತ್ತಾನೆ. ಆಗ ಉಷ್ಣಮಾಪಕ ಇಟ್ಟರೆ ಸುಮಾರು 118 ಡಿಗ್ರಿ ಸೆಲ್ಸಿಯಸ್ ತೋರಿಸೀತು. ಆ ಅಂಕಿ ಇನ್ಫರ್ಮೇಶನ್. ಹಾಗಾದರೆ ಅವನ ಬೆರಳಲ್ಲಿರುವುದಕ್ಕೆ ಏನನ್ನಬೇಕು?

ನಾಲ್ಕು ಮಾತು, ನಾಲ್ಕು ದಾರಿ

ಇಂಗ್ಲಿಷ್ ‘ನೋ’ ಎಂಬ ಒಂದೇ ಕ್ರಿಯಾಪದದಲ್ಲಿ ಮುಗಿಸುವುದನ್ನು ಕನ್ನಡ ಹಲವು ಮಾತುಗಳಿಗೆ ಹಂಚಿಕೊಟ್ಟಿದೆ.

ಮೊದಲನೆಯದು ಗೊತ್ತು. ಗೊತ್ತು ಎಂದರೆ ಗುರುತಿಟ್ಟ ಜಾಗ, ನಿಗದಿಯಾದದ್ದು. ಮದುವೆ ಗೊತ್ತಾಗುತ್ತದೆ, ದಿನ ಗೊತ್ತಾಗುತ್ತದೆ, ಮನೆಯ ದಾರಿಯೂ ಗೊತ್ತಿರುತ್ತದೆ. ಖಚಿತವಾಗಿ ನೆಲೆ ನಿಂತ ಸಂಗತಿಗೆ ಈ ಮಾತು.

ಎರಡನೆಯದು ತಿಳಿ. ತಿಳಿನೀರು, ತಿಳಿಸಾರು, ತಿಳಿಮುಗಿಲು ಎನ್ನುವಾಗಿನ ತಿಳಿಯೇ ‘ತಿಳೀತೇನ್ರಿ?’ ಎಂದು ಕೇಳುವಾಗಲೂ ಇದೆ. ಮಳೆಗಾಲದಲ್ಲಿ ಕೆಂಪಗೆ ಹರಿದ ಕೃಷ್ಣೆ ರಾಡಿ ಇಳಿದ ಮೇಲೆ ತಳ ಕಾಣಿಸುವ ಹಾಗೆ, ಗೊಂದಲ ಕೆಳಗಿಳಿದಾಗ ಮನಸ್ಸಿಗೆ ಆಗುವುದು ತಿಳಿವು.

ಮೂರನೆಯದು ಬಲ್ಲೆ. ‘ನಾನು ಬಲ್ಲೆ’ ಎಂದರೆ ಗೊತ್ತಿದೆ. ‘ಮಾಡಬಲ್ಲೆ’ ಎಂದರೆ ಆಗುತ್ತದೆ. ಬಲ್ಲವನು ಮಾಡಲೂ ಬಲ್ಲವನು ಎಂಬ ನಂಬಿಕೆ ಈ ಪದದಲ್ಲೇ ಇದೆ. ಈ ಸೀಮೆಯ ಜನ ಇದನ್ನೇ ಇನ್ನೊಂದು ಬಗೆಯಲ್ಲೂ ಹೇಳುತ್ತಾರೆ: “ಅವಗ ಪಾಕಾ ನೋಡಾಕ ಬರ್ತೈತಿ.” ಈಜು ಬರುತ್ತದೆ, ಹೊಲಿಗೆ ಬರುತ್ತದೆ, ಕನ್ನಡ ಬರುತ್ತದೆ. ಕಲಿಕೆ ತಾನಾಗಿ ನಡೆದು ಬಂದು ಕೈಯಲ್ಲಿ ಕೂತಂತೆ ಈ ಮಾತು.

ನಾಲ್ಕನೆಯದು ಅರಿವು. ಇದರ ಆಳ ಕಾಣಬೇಕಾದರೆ ಇದರ ಎದುರುಪದ ನೋಡಬೇಕು. ಜ್ಞಾನದ ಎದುರು ಅಜ್ಞಾನ, ನಾಲೆಜ್‌ನ ಎದುರು ಇಗ್ನೊರೆನ್ಸ್. ಎರಡೂ ‘ಇಲ್ಲ’ ಎನ್ನುವ ಮಾತುಗಳು. 12ನೆಯ ಶತಮಾನದ ಶರಣರು ಅರಿವಿನ ಎದುರು ಇಟ್ಟದ್ದು ಮರವೆಯನ್ನು. ಮರೆತದ್ದು ಮತ್ತೆ ನೆನಪಾಗಬಹುದು. ಅರಿವು ಹೊರಗಿನಿಂದ ತಂದು ತುಂಬುವ ಸರಕಾಗಿದ್ದರೆ ಮರವೆ ಅದಕ್ಕೆ ಎದುರಾಗುತ್ತಿರಲಿಲ್ಲ. ಒಳಗಿರುವುದಕ್ಕೆ ಎಚ್ಚರ ಮೂಡುವುದೇ ಅರಿವು.

ಇಂಗ್ಲಿಷಿನ ನೆಂಟರು

ಇಲ್ಲಿ ಒಂದು ಸೋಜಿಗವಿದೆ. ಸಂಸ್ಕೃತದ ಜ್ಞಾನ ಮತ್ತು ಇಂಗ್ಲಿಷಿನ ನಾಲೆಜ್ ಒಂದೇ ಬೇರಿನ ಕುಡಿಗಳು. ವಿಸ್ಡಮ್ ಮತ್ತು ವಿದ್ಯೆಯೂ ಹಾಗೆಯೇ ದೂರದ ಬಳಗ. ಆದರೆ ಬೇರು ಒಂದಾದ ಮಾತ್ರಕ್ಕೆ ಬಾಳು ಒಂದಾಗಲಿಲ್ಲ: ಇಂಗ್ಲಿಷರ ವಿಸ್ಡಮ್ ವಿವೇಕದ ಕಡೆ ಹೋಯಿತು, ನಮ್ಮ ವಿದ್ಯೆ ಶಾಲೆಯ ಕಡೆ ಬಂತು. ಇಂಗ್ಲಿಷಿನ ‘ಕ್ಯಾನ್’ ಕೂಡ ಹಿಂದೊಮ್ಮೆ ತಿಳಿ ಎಂಬ ಅರ್ಥದಲ್ಲೇ ಇತ್ತು, ಈಗ ಬರೀ ಆಗುತ್ತದೆ ಎಂದಷ್ಟೇ ಹೇಳುತ್ತದೆ. ಇಂಗ್ಲಿಷ್ ಬಿಡಿಸಿಟ್ಟ ಈ ಗಂಟನ್ನು ಕನ್ನಡದ ಬಲ್ಲೆ ಇಂದಿಗೂ ಬಿಚ್ಚಿಲ್ಲ. ಅರಿವಿನ ಬಳಗವೇ ಬೇರೆ: ಅದು ತಮಿಳು, ಮಲಯಾಳಗಳಲ್ಲೂ ಇರುವ ದ್ರಾವಿಡ ಮಾತು. ಹಳಗನ್ನಡದಲ್ಲಿ ಅದರ ಧಾತುವನ್ನು ‘ಅಱಿ’ ಎಂದು ಬರೆಯುತ್ತಿದ್ದರು.

ಮಹಾರಾಷ್ಟ್ರಕ್ಕೆ ಹೊಂದಿಕೊಂಡ ಈ ಗಡಿಸೀಮೆಯ ಮಾತಿಗೆ ಇನ್ನೂ ಒಂದು ಬಣ್ಣವಿದೆ. ‘ಖಬರ್’ ಮೂಲದಲ್ಲಿ ಸುದ್ದಿ. ಇಲ್ಲಿನ ಬಾಯಲ್ಲಿ ‘ಮೈಮ್ಯಾಲೆ ಖಬರಿಲ್ಲ’ ಎಂದರೆ ಪ್ರಜ್ಞೆಯಿಲ್ಲ ಎಂದರ್ಥ. ಹೊರಗಿನಿಂದ ಬಂದ ಸುದ್ದಿಯ ಮಾತನ್ನೂ ನಮ್ಮ ಜನ ಒಳಗಿನ ಎಚ್ಚರದ ಮಾತಾಗಿ ಮಾಡಿಕೊಂಡರು.

ಮಠ, ಬಸದಿ, ಚಪ್ಪಲಿ

ಜೈನರು ಹೆಚ್ಚಾಗಿರುವ ನಾಡಿದು. ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಹುಟ್ಟಿದ್ದು ಸದಲಗಾದಲ್ಲಿ, ಆಚಾರ್ಯ ವಿದ್ಯಾನಂದರು 1925ರಲ್ಲಿ ಹುಟ್ಟಿದ್ದು ಶೇಡಬಾಳದಲ್ಲಿ. ಜೈನ ದರ್ಶನ ಜ್ಞಾನವನ್ನು ಮತಿ, ಶ್ರುತ, ಅವಧಿ, ಮನಃಪರ್ಯಯ, ಕೇವಲ ಎಂದು ಐದಾಗಿ ವಿಂಗಡಿಸುತ್ತದೆ. ಇಂದ್ರಿಯ, ಮನಸ್ಸುಗಳಿಂದ ಸಿಗುವುದು ಮತಿ. ಕೇಳಿ, ಓದಿ ಪಡೆಯುವುದು ಶ್ರುತ. ನಮ್ಮ ಕಾಲದ ಮಾಹಿತಿ ಹೆಚ್ಚೆಂದರೆ ಈ ಎರಡನೆಯ ಮೆಟ್ಟಿಲಿನದು. ಐದನ್ನೂ ಹೇಳಿದ ಮೇಲೂ ಆ ದರ್ಶನ ಜ್ಞಾನವೊಂದೇ ಸಾಕು ಎನ್ನುವುದಿಲ್ಲ. ಸಮ್ಯಕ್ ದರ್ಶನ ಮತ್ತು ಸಮ್ಯಕ್ ಚಾರಿತ್ರ ಜೊತೆಗಿರಬೇಕು.

ಶರಣರದೂ ಇದೇ ಪಟ್ಟು: ಅರಿವು ಆಚಾರದಲ್ಲಿ ಕಾಣಬೇಕು. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳನ್ನು (1836–1921) ಜನ ಇಂದಿಗೂ ನೆನೆಯುವುದು ಅವರ ನಡೆಗಾಗಿ.

ಕಾಯಕದಲ್ಲೂ ಇದೇ ಮಾತು ನಿಜ. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಯನ್ನು ಅಥಣಿ, ನಿಪ್ಪಾಣಿ ಸೀಮೆಯಲ್ಲೂ ಹೊಲಿಯುತ್ತಾರೆ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ಬೆಳಗಾವಿ ಸೇರಿ ಕರ್ನಾಟಕದ 4 ಜಿಲ್ಲೆಗಳೂ ಅದರಲ್ಲಿ ಸೇರಿದವು. ಜಾಲಿಯ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ತೊಗಲನ್ನು ನೆನೆಸಿ ಸಿದ್ಧ ಮಾಡುವುದಕ್ಕೆ ‘ಹದ ಮಾಡುವುದು’ ಎನ್ನುತ್ತಾರೆ. ಮೊಳೆ ಹೊಡೆಯದೆ ತೊಗಲಿನ ಎಳೆಯಿಂದಲೇ ಹೊಲಿಯುತ್ತಾರೆ. ಬೆಲ್ಲಕ್ಕೂ ಹದ, ತೊಗಲಿಗೂ ಹದ, ಬಿತ್ತುವ ಮುನ್ನ ನೆಲಕ್ಕೂ ಹದ. ನನಗೆ ತಿಳಿದಂತೆ ಇಂಗ್ಲಿಷಿನಲ್ಲಿ ಇದಕ್ಕೆ ಒಂದೇ ಮಾತಿಲ್ಲ. ಸ್ಕಿಲ್ ಎಂದರೆ ಕೈಯ ಚಳಕ ಮಾತ್ರ ಬಂತು. ವಸ್ತು ತಾನೇ ಪಕ್ವವಾಗುವ ಗಳಿಗೆಯನ್ನು ಕಾದು ಗುರುತಿಸುವ ತಾಳ್ಮೆ ಆಚೆಗೇ ಉಳಿಯಿತು.

ಪದವನ್ನು ಅಗ್ಗ ಮಾಡಬಾರದು

2005ರ ನಮ್ಮ ಕಾಯ್ದೆ ಮಾಹಿತಿ ಹಕ್ಕನ್ನು ಅರಿವಿನ ಹಕ್ಕು ಎಂದು ಕರೆಯಲಿಲ್ಲ. ಅದು ಸರಿ, ಏಕೆಂದರೆ ಕಚೇರಿ ಕೊಡಬಲ್ಲದ್ದು ಮಾಹಿತಿಯನ್ನೇ. ಆದರೆ ಅವೇರ್‌ನೆಸ್ ಪ್ರೋಗ್ರಾಮ್‌ಗೆ ‘ಅರಿವು ಕಾರ್ಯಕ್ರಮ’ ಎಂದು ಹೆಸರಿಟ್ಟು, ಕರಪತ್ರ ಹಂಚಿ ಮುಗಿಸಿದರೆ ದೊಡ್ಡ ಮಾತೊಂದು ಸಣ್ಣದಾಗುತ್ತದೆ. ಕರಪತ್ರ ಓದಿದವನಿಗೆ ವಿಷಯ ಗೊತ್ತಾಗುತ್ತದೆ. ಅದನ್ನು ನಾಲ್ಕು ಜನರೊಡನೆ ಕೂತು ಚರ್ಚಿಸಿದರೆ ತಿಳಿಯುತ್ತದೆ, ಮಾಡಿ ನೋಡಿದರೆ ಬರುತ್ತದೆ. ಅದರಿಂದ ಬದುಕಿನ ನಡೆ ತಿದ್ದಿದಾಗಲಷ್ಟೇ ಅದು ಅರಿವು.

ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮೊದಲು ‘ಗ್ರಂಥಾಲಯ ಮತ್ತು ಮಾಹಿತಿ ಕೇಂದ್ರ’ ಎಂಬ ಹೆಸರಿತ್ತು, ಈಗ ‘ಅರಿವು ಕೇಂದ್ರ’ ಎಂದಾಗಿದೆ. ಹೆಸರು ದೊಡ್ಡದು. ನಿಮ್ಮೂರಿನ ಕೇಂದ್ರಕ್ಕೆ ಹೋಗಿ, ಪುಸ್ತಕ ಓದಿ. ಜೊತೆಗೆ ಊರಿನ ಬೆಲ್ಲ ಮಾಡುವವರನ್ನು, ಚಪ್ಪಲಿ ಹೊಲಿಯುವವರನ್ನು ಒಂದು ಸಂಜೆ ಅಲ್ಲಿಗೆ ಕರೆತಂದು ಮಕ್ಕಳ ಮುಂದೆ ಕೂರಿಸಿ. ಆ ಹೆಸರಿಗೆ ತಕ್ಕ ಕೆಲಸ ಅಲ್ಲಿಂದ ಶುರುವಾಗುತ್ತದೆ.