ಗುಳೆ ಹೋದವರ ಗುಳಿಗೆ

1987ರಲ್ಲಿ ಎ.ಜೆಡ್.ಟಿ. ಎಂಬ ಮೊದಲ ಔಷಧವು ಬಳಕೆಗೆ ಬಂದಾಗಲೂ, 1996ರ ಸುಮಾರಿಗೆ ಮೂರು ಔಷಧಗಳ ಸಂಯೋಗವು ಮೃತ್ಯುವನ್ನು ಹಿಮ್ಮೆಟ್ಟಿಸತೊಡಗಿದಾಗಲೂ, 2001ರಲ್ಲಿ ಮುಂಬಯಿಯ ಸಿಪ್ಲಾ ಸಂಸ್ಥೆಯು ಅಂಥ ಸಂಯೋಗವನ್ನು ರೋಗಿಯೊಬ್ಬನಿಗೆ ವರ್ಷಕ್ಕೆ 350 ಡಾಲರಿನಂತೆ ಕೊಡಬಲ್ಲೆನೆಂದು ಮುಂದೆ ಬಂದು ಜಗತ್ತನ್ನು ಬೆರಗುಗೊಳಿಸಿದಾಗಲೂ, ಎಚ್.ಐ.ವಿ.ಯ ಕಥೆಯೆಂದರೆ ಬಹುಮಟ್ಟಿಗೆ ಔಷಧದ ಕಥೆಯೇ ಆಗಿದ್ದಿತು. 2004ರ ಏಪ್ರಿಲ್ 1ರಿಂದ ನಮ್ಮ ಸರ್ಕಾರವು ಆ ಔಷಧಗಳನ್ನು ಉಚಿತವಾಗಿ ಕೊಡಲಾರಂಭಿಸಿತು. ಇಂದು ಮೂರು ಔಷಧಗಳೂ ದಿನಕ್ಕೊಂದು ಗುಳಿಗೆಯಲ್ಲಿ ಅಡಕವಾಗಿವೆ. ಇಷ್ಟಾದ ಮೇಲೆ ಉಳಿದ ಪ್ರಶ್ನೆಯೆಂದರೆ, ಆ ಗುಳಿಗೆಯನ್ನು ಬಾಳಿನುದ್ದಕ್ಕೂ ತಪ್ಪದೆ ಪಡೆಯುವ ಅನುಕೂಲವು ಯಾರಿಗುಂಟು, ಯಾರಿಗಿಲ್ಲ ಎಂಬುದು.

ತಪ್ಪದೆ ಸೇವಿಸಬೇಕೆಂಬ ನಿಯಮವನ್ನು ವಿಧಿಸಿರುವುದು ವೈರಾಣುವಿನ ಸ್ವಭಾವವೇ. ದೇಹರಕ್ಷಣೆಗೆ ಆಧಾರಭೂತವಾದ ಸಿ.ಡಿ.4 ಎಂಬ ಬಿಳಿಯ ರಕ್ತಕಣಗಳನ್ನು ಹೊಕ್ಕು, ತನ್ನ ಆರ್.ಎನ್.ಎ.ಯಿಂದ ಡಿ.ಎನ್.ಎ.ಯನ್ನು ರಚಿಸಿಕೊಂಡು, ಆ ಕೋಶದ ವಂಶವಾಹಿಗಳ ನಡುವೆಯೇ ಸೇರಿಹೋಗುವ ಈ ವೈರಾಣುವು, ದೀರ್ಘಾಯುಗಳಾದ ಕೆಲವು ಸ್ಮೃತಿಕೋಶಗಳಲ್ಲಿ ಯಾವ ಚಟುವಟಿಕೆಯನ್ನೂ ತೋರದೆ ವರ್ಷಗಟ್ಟಲೆ ಸುಪ್ತವಾಗಿರುವುದು. ಔಷಧವು ತಡೆಯುವುದು ಅದರ ವೃದ್ಧಿಯನ್ನು. ಸುಪ್ತವಾಗಿರುವುದನ್ನು ಮುಟ್ಟುವ ಶಕ್ತಿ ಅದಕ್ಕಿಲ್ಲ. ಬೇಸಗೆಯಲ್ಲಿ ಒಣಗಿ ಸತ್ತಂತೆ ಕಂಡ ಗರಿಕೆಯು ಮೊದಲ ಮಳೆಗೆ ಚಿಗುರುವಂತೆ, ಗುಳಿಗೆ ನಿಂತ ಕೆಲವೇ ವಾರಗಳಲ್ಲಿ ವೈರಾಣು ರಕ್ತದಲ್ಲಿ ಮತ್ತೆ ತಲೆಯೆತ್ತುವುದು. ನಡುನಡುವೆ ಬಿಟ್ಟುಬಿಟ್ಟು ಸೇವಿಸಿದರಂತೂ, ಪ್ರತಿ ತೆಗೆಯುವಾಗ ಹೇರಳವಾಗಿ ತಪ್ಪುಮಾಡುವ ಈ ವೈರಾಣುವಿನ ಸಂತತಿಯಲ್ಲಿ, ಔಷಧಕ್ಕೆ ಬಗ್ಗದ ರೂಪಾಂತರಗಳು ಬಲಿಯುವ ಸಂಭವವುಂಟು. ಈಗ ಬಳಸುವ ಡೋಲುಟೆಗ್ರಾವಿರ್ ಈ ವಿಷಯದಲ್ಲಿ ಹಿಂದಿನ ಹಲವು ಔಷಧಗಳಿಗಿಂತ ಗಟ್ಟಿಯಾದುದೆಂಬುದು ಒಂದು ಸಮಾಧಾನ.

ನಿಯಮ ತಪ್ಪದವರಿಗಾದರೋ ದೊರೆಯುವ ಫಲ ಅಸಾಧಾರಣ. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗಿಲ್ಲದ 1763 ಜೋಡಿಗಳನ್ನು ಭಾರತವೂ ಸೇರಿ 9 ದೇಶಗಳಲ್ಲಿ ಗಮನಿಸಿದ ಅಧ್ಯಯನವೊಂದು, ಚಿಕಿತ್ಸೆಯನ್ನು ಬೇಗ ಆರಂಭಿಸಿದರೆ ಸಂಗಾತಿಗೆ ಸೋಂಕು ದಾಟುವುದು ನೂರಕ್ಕೆ 96ರಷ್ಟು ತಗ್ಗುವುದೆಂದು 2011ರಲ್ಲಿ ತೋರಿಸಿತು. ವೈರಾಣುವು ಪರೀಕ್ಷೆಗೆ ಸಿಕ್ಕದಷ್ಟು ಕ್ಷೀಣಿಸಿ ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡದೆಂಬುದು ಈಗ ಸಿದ್ಧಪಟ್ಟ ಸಂಗತಿ.

ಸೋಂಕಿತರಲ್ಲಿ ನೂರಕ್ಕೆ 95 ಮಂದಿಗೆ ಅದರ ಅರಿವಿರಬೇಕು, ಅರಿತವರಲ್ಲಿ ನೂರಕ್ಕೆ 95 ಮಂದಿ ಚಿಕಿತ್ಸೆಯಲ್ಲಿರಬೇಕು, ಅವರಲ್ಲಿ ನೂರಕ್ಕೆ 95 ಮಂದಿಯ ವೈರಾಣು ಅಡಗಿರಬೇಕು ಎಂಬುದು ವಿಶ್ವಸಂಸ್ಥೆಯ ಗುರಿ. ಗುಣಿಸಿ ನೋಡಿದರೆ, ಈ ಗುರಿಯನ್ನು ಪೂರ್ಣವಾಗಿ ಮುಟ್ಟಿದ ನಾಡಿನಲ್ಲಿಯೂ ಫಲ ಸಿಕ್ಕುವುದು ನೂರರಲ್ಲಿ 86 ಮಂದಿಗೆ ಮಾತ್ರ.

ಉಳಿದವರಲ್ಲಿ ಎಂಥವರಿರಬಹುದೆಂದು ತಿಳಿಯಲು, ಮಳೆಗಾಲದ ಬೆಳೆ ಮುಗಿಯುತ್ತಲೇ ಉತ್ತರ ಕರ್ನಾಟಕದ ಹಳ್ಳಿಗಳಿಂದ ಗೋವೆ, ಪುಣೆ, ಮುಂಬಯಿಗಳ ಕಡೆಗೆ ಗುಳೆ ಹೋಗುವ ಕೂಲಿಕಾರನನ್ನು ನೆನೆಯಬಹುದು. ಈ ಔಷಧಗಳನ್ನು ಕೊಡುವ ಎ.ಆರ್.ಟಿ. ಕೇಂದ್ರವಿರುವುದು ಊರಿನ ಕಡೆಯ ಪಟ್ಟಣದಲ್ಲಿ. ತಿಂಗಳಿಗೊಮ್ಮೆ ಅಲ್ಲಿಗೆ ಬರಬೇಕಾದರೆ ದಿನಗೂಲಿಯೂ ಬಸ್ಸಿನ ಹಣವೂ ಹೋಗುವುದಲ್ಲದೆ, ಮೇಸ್ತ್ರಿಗೆ ಏನು ಕಾರಣ ಹೇಳುವುದೆಂಬ ಚಿಂತೆಯೂ, ಸಾಲಿನಲ್ಲಿ ಊರಿನವರು ಯಾರಾದರೂ ಕಂಡುಬಿಟ್ಟಾರೆಂಬ ಅಂಜಿಕೆಯೂ ಜೊತೆಗೂಡುವುವು. ಲೈಂಗಿಕ ವೃತ್ತಿಯಲ್ಲಿರುವ ಹೆಣ್ಣಿಗೆ, ಮಾದಕದ್ರವ್ಯವನ್ನು ಸೂಜಿಯಿಂದ ಚುಚ್ಚಿಕೊಳ್ಳುವವನಿಗೆ, ಲಿಂಗಪರಿವರ್ತಿತರಿಗೆ ಇದರ ಮೇಲೆ ಪೊಲೀಸರ ಭಯ ಬೇರೆ. ಹೀಗೆ ತಪ್ಪಿಹೋದವರು ಮರಳಿ ಬಂದ ದಿನ ಅವರಿಗೆ ಸಿಕ್ಕುವುದು ಎಷ್ಟೋ ಸಲ ಗದರಿಕೆ. ಅದರಷ್ಟು ನಿಷ್ಪ್ರಯೋಜಕವಾದ ಔಷಧ ಇನ್ನೊಂದಿಲ್ಲವೆಂದು ನನ್ನ ಭಾವನೆ.

ಈ ತೊಡಕನ್ನು ಬಿಡಿಸುವ ಜಾಣ್ಮೆಯನ್ನು ಆಫ್ರಿಕದ ಬಡ ರೋಗಿಗಳಿಂದ ಕಲಿಯಬಹುದು. ಮೊಜಾಂಬಿಕಿನ ಟೆಟೆ ಪ್ರಾಂತದಲ್ಲಿ, ಗಡಿಗಳಿಲ್ಲದ ವೈದ್ಯರು ಎಂಬ ಸಂಸ್ಥೆಯ ನೆರವಿನಿಂದ, 2008ರಲ್ಲಿ ಒಂದೇ ಕಡೆಯ ರೋಗಿಗಳು ಆರಾರು ಮಂದಿಯ ಗುಂಪು ಕಟ್ಟಿಕೊಂಡರು. ತಿಂಗಳಿಗೆ ಒಬ್ಬರು ಆಸ್ಪತ್ರೆಗೆ ಹೋಗಿ ತಮ್ಮ ತಪಾಸಣೆ ಮುಗಿಸಿಕೊಂಡು ಆರೂ ಮಂದಿಯ ಗುಳಿಗೆಗಳನ್ನು ತರುವರು. ಹೀಗಾಗಿ ಒಬ್ಬೊಬ್ಬರೂ ಆರು ತಿಂಗಳಿಗೊಮ್ಮೆ ಮಾತ್ರ ಆ ದೂರದ ದಾರಿ ತುಳಿದರೆ ಸಾಕು. ನಾಲ್ಕು ವರ್ಷಗಳ ಬಳಿಕವೂ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಚಿಕಿತ್ಸೆಯಲ್ಲಿ ಉಳಿದಿದ್ದರು. ಗುಂಪು ಸೇರಿದವರು ಮೊದಲೇ ಚಿಕಿತ್ಸೆಗೆ ಒಗ್ಗಿಕೊಂಡವರಾಗಿದ್ದರೆಂಬುದನ್ನು ಮರೆಯಲಾಗದಾದರೂ, ದಾರಿಯ ಭಾರವನ್ನು ಹಂಚಿಕೊಂಡರೆ ರೋಗಿ ಉಳಿಯುವನೆಂಬುದು ಸ್ಪಷ್ಟ.

ನಮ್ಮಲ್ಲಿಯೂ ಸೂಚನೆಗಳಿಲ್ಲದಿಲ್ಲ. ಮೈಸೂರಿನಲ್ಲಿ ಲೈಂಗಿಕ ವೃತ್ತಿಯವರೇ ನಡೆಸುವ ಆಶೋದಯ ಸಮಿತಿಯು, ಹೊರಗಿನವರ ಉಪದೇಶಕ್ಕಿಂತ ತಮ್ಮವರ ಕೈಹಿಡಿತವೇ ಆಸ್ಪತ್ರೆಯ ಬಾಗಿಲನ್ನು ಸುಲಭವಾಗಿ ತೆರೆಯಿಸುವುದೆಂದು ತೋರಿಸಿದೆ. ಮನೆಗೆ ಹತ್ತಿರವಾದ ಲಿಂಕ್ ಎ.ಆರ್.ಟಿ. ಕೇಂದ್ರಗಳೂ, ಕೋವಿಡ್ ಕಾಲದಲ್ಲಿ ವ್ಯಾಪಕವಾದ, ಹಲವು ತಿಂಗಳ ಗುಳಿಗೆಗಳನ್ನು ಒಟ್ಟಿಗೆ ಕೊಡುವ ಪದ್ಧತಿಯೂ ಅದೇ ದಿಕ್ಕಿನವು. ಗುಳೆ ಹೋಗುವವನಿಗೆ ಮುಖ್ಯವಾದ ಇನ್ನೊಂದು ಸಂಗತಿ: ಹೊರಡುವ ಮುನ್ನ ಹೇಳಿದರೆ, ತಲುಪಿದ ಊರಿನ ಕೇಂದ್ರಕ್ಕೆ ಚಿಕಿತ್ಸೆಯನ್ನು ವರ್ಗಾಯಿಸಿಕೊಳ್ಳಲೂ ಅವಕಾಶವುಂಟು.

ಸೋಂಕಿನ ವಿಷಯವನ್ನು ರೋಗಿಯ ಸಮ್ಮತಿಯಿಲ್ಲದೆ ಬಹಿರಂಗಪಡಿಸುವುದನ್ನೂ, ಅದರ ನೆಪದಲ್ಲಿ ಕೆಲಸ, ಶಾಲೆ, ವಸತಿಗಳಲ್ಲಿ ತಾರತಮ್ಯ ಮಾಡುವುದನ್ನೂ 2017ರ ಕಾನೂನು ನಿಷೇಧಿಸಿದೆ; ಅದು 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಗುಳಿಗೆ ನಿಂತುಹೋಗಿ ಎಷ್ಟೇ ಕಾಲವಾಗಿದ್ದರೂ ಮರಳಿ ಆರಂಭಿಸಬಹುದು. ಅಂಥವರು ಪರಿಚಯದಲ್ಲಿದ್ದರೆ, 1097 ಎಂಬ ಉಚಿತ ದೂರವಾಣಿಯಲ್ಲಿ ಆಪ್ತಸಮಾಲೋಚಕರು ಮಾತಿಗೆ ಸಿಕ್ಕುವರೆಂದು ದಯವಿಟ್ಟು ತಿಳಿಸಿ.