‘ನನಗೂ ಹಂಗ’

ಪರೀಕ್ಷೆಯ ಭಯವನ್ನು ಕುರಿತು ಒಂದು ಗಂಟೆ ಉಪನ್ಯಾಸ ಮಾಡಿ, ಹುಡುಗರ ಭಯವನ್ನೆಲ್ಲ ಕಳೆದೆನೆಂದು ಬೀಗಿದ ಅಧ್ಯಾಪಕ ನಾನು. ನಿದ್ರೆ, ವೇಳಾಪಟ್ಟಿ, ಅಭ್ಯಾಸದ ಕ್ರಮ ಎಲ್ಲವನ್ನೂ ಹೇಳಿದ್ದೆ, ಅವರೂ ಬರೆದುಕೊಂಡಿದ್ದರು. ಆ ತಿಂಗಳಲ್ಲೇ ರಬಕವಿಯ ನೇಕಾರ ಮನೆತನದ ಹುಡುಗನೊಬ್ಬ ಕಾಲೇಜು ಬಿಡುವೆನೆಂದು ಬಂದು ನಿಂತ. ಉಪನ್ಯಾಸದ ದಿನ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದವನು!

ಅನಂತರ ಜಮಖಂಡಿಯ ನಮ್ಮ ಕಾಲೇಜಿನ ಕೋಣೆಯೊಂದರಲ್ಲಿ ಎಂಟು ಮಂದಿಯನ್ನು ವಾರಕ್ಕೊಮ್ಮೆ ದುಂಡಗೆ ಕೂಡಿಸಿದೆವು. ತರಬೇತಿ ಪಡೆದ ಆಪ್ತಸಲಹೆಗಾರ್ತಿಯೊಬ್ಬರು ಜೊತೆಗಿದ್ದರು. ಕೇಳಿದ್ದನ್ನು ಹೊರಗೆ ಆಡಬಾರದು, ಯಾರಿಗೂ ಬುದ್ಧಿ ಹೇಳಬಾರದು; ಇವೆರಡೇ ಕಟ್ಟಳೆ. ಎರಡನೆಯದು ನನಗೆ ಬಹು ಕಷ್ಟವಾಯಿತು. ಮಾಸ್ತರನ ನಾಲಗೆ ಸುಮ್ಮನಿರುವ ವಸ್ತುವಲ್ಲ.

ಮೂರನೆಯ ವಾರ ಆ ಹುಡುಗ ಬಾಯಿ ಬಿಟ್ಟ. ಮನೆಯಲ್ಲಿ ಮಗ್ಗದ ಸಪ್ಪಳ, ತಂದೆಯ ಸಾಲ. ಪುಸ್ತಕ ತೆರೆದರೆ ಅಕ್ಷರ ತಲೆಗೆ ಹತ್ತದು. ತಾನೊಬ್ಬನೇ ದಡ್ಡನೆಂದು ಅವನ ನಂಬಿಕೆ. ಮುಧೋಳದ ಕಡೆಯ ಹುಡುಗಿ, ತರಗತಿಗೇ ಮೊದಲಿಗಳು, ಮೆಲ್ಲನೆ ಎಂದಳು: “ನನಗೂ ಹಂಗ ಆಗತೈತಿ.” ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರನ್ನು ಬಿಟ್ಟುಕೊಟ್ಟ ಬೀಳಗಿಯ ಕಡೆಯ ಇನ್ನೊಬ್ಬ ತಲೆಯಾಡಿಸಿದ. ಎಲ್ಲರಿಗೂ ಹಾಗಾಗುತ್ತದೆಂದು ನಾನೂ ಹೇಳಿದ್ದೆನಷ್ಟೆ! ನನ್ನ ಬಾಯಲ್ಲಿ ಅದು ಸಮಾಧಾನದ ಮಾತು, ಅವಳ ಬಾಯಲ್ಲಿ ಸಾಕ್ಷಿ.

ಅಮೆರಿಕದ ಮನೋವೈದ್ಯ ಇರ್ವಿನ್ ಯಾಲಮ್ ಅವರು 1970ರಲ್ಲಿ ಪ್ರಕಟಿಸಿದ ಸಮೂಹ ಚಿಕಿತ್ಸೆಯ ಗ್ರಂಥದಲ್ಲಿ ಗುಣ ತರುವ ಅಂಶಗಳನ್ನು ಬಿಡಿಸಿಟ್ಟಿದ್ದಾರೆ. ತನ್ನ ಪಾಡು ತನ್ನೊಬ್ಬನದಲ್ಲವೆಂಬ ಅರಿವು ಅವುಗಳಲ್ಲೊಂದು; ಭರವಸೆ, ಕೂಟದ ಒಗ್ಗಟ್ಟು, ಇನ್ನೊಬ್ಬರಿಗೆ ನೆರವಾಗುವ ಸುಖ ಬೇರೆ ಕೆಲವು. ತಿಳಿವಳಿಕೆ ಕೊಡುವುದೂ ಆ ಪಟ್ಟಿಯಲ್ಲಿದೆ. ನನ್ನ ಉಪನ್ಯಾಸ ಪೂರ್ತಿ ವ್ಯರ್ಥವಲ್ಲವೆಂದು ಅಷ್ಟರಮಟ್ಟಿಗೆ ಹಿಗ್ಗಿದೆ. ಆದರೆ ಕೂಟದ ಬಗೆಗೆ ತಕ್ಕಂತೆ ಫಲ ಬೇರೆ. ಪಾಠದ ಕೂಟ ದಾರಿ ತೋರಿಸಬಲ್ಲದು. ನಾಚಿಕೆಯನ್ನು ಕಳೆಯಲು ಮಾತಿನ ಕೂಟವೇ ಬೇಕು. 1905ರಲ್ಲಿ ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರ್ಯಾಟ್ ಬಡ ಕ್ಷಯರೋಗಿಗಳಿಗೆ ಆರೋಗ್ಯದ ಪಾಠ ಹೇಳಲೆಂದು ತರಗತಿ ನಡೆಸಿದಾಗಲೂ, ಪಾಠದ ಜೊತೆಗೆ ಸಮದುಃಖಿಗಳ ನಂಟು ಕೆಲಸ ಮಾಡಿತ್ತು.

ಬದುಕೇ ಬೇಡವೆನ್ನುವವನಿಗೆ ಮಾತ್ರ ಕೂಟವೊಂದೇ ಸಾಲದು. ಅಂಥವನನ್ನು ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಯೂ ಇದೆ.

ಹುಡುಗ ಕಾಲೇಜು ಬಿಡಲಿಲ್ಲ. ಒಂದು ವಿಷಯದಲ್ಲಿ ನಪಾಸಾಗಿ, ಮತ್ತೆ ಕಟ್ಟಿ ಪಾಸಾದ. ಮರುವರ್ಷದ ಕೂಟದಲ್ಲಿ, ಬಾಯಿಯೇ ಬಿಡದ ಹೊಸಬನೊಬ್ಬನ ಪಕ್ಕಕ್ಕೆ ತಾನೇ ಕುರ್ಚಿ ಎಳೆದುಕೊಂಡು ಹೋಗಿ ಕುಳಿತ. ನಾನು ಏನನ್ನೋ ಹೇಳಹೊರಟವನು, ಕಟ್ಟಳೆ ನೆನಪಾಗಿ, ಸುಮ್ಮನಾದೆ.